ಉದ್ರಿ ವಹಿ

ಸೊಲ್ಲಾಪುರದ ಅಶೋಕ ಚೌಕದಾಗ ನಮ್ಮ ಕಿರಾಣಿ ಅಂಗಡಿ
ಮುಚ್ಚಿ ಮೂರು ವರ್ಷ ಆತು.
ಕೆಂಪು ಬಟ್ಟಿ ಹೊದಿಸಿದ ಉದ್ದನ್ನ ವಹಿ ಒಂದು
ಅರ್ಧ ಖಾಲಿ ಉಳಿದಿತ್ತು, ತಕ್ಕಡಿ ಸಂಗಾಟ ಮನಿಗೆ ಬಂತು.
ತಕ್ಕಡಿ ಮಾರಿದೆ. ವಹಿ ಯಾರು ತಗೋತಾರ?

ನಿದ್ದಿ ಬರತಿರಲಿಲ್ಲ.
ರಾತ್ರಿ ಎರಡಕ್ಕ ಎದ್ದು ಕೂತು ಲೆಕ್ಕ ಮಾಡತಿದ್ದೆ:
ಯಾರು ಮುಳುಗಿಸಿದರು, ಎಷ್ಟು ಮುಳುಗಿಸಿದರು,
ಯಾವ ಮಾರಿ ಇಟಗೊಂಡು ಅವರ ಮನ್ಯಾಗ ಹೋಳಿಗಿ ಆಗತಾವ.
ಮಹಾನಂದಾ ಮಗ್ಗಲು ಬದಲಿಸಿ ಅಂತಿದ್ದಳು,
'ಬಡ್ಡಿ ನಿಮ್ಮ ಮೈಮ್ಯಾಲೇ ಏರಾಕತ್ತೈತಿ ನೋಡ್ರಿ.'

ಸಿವಿಲ್ ದವಾಖಾನಿಯ ಕಾಂಬಳೆ ಸಿಸ್ಟರ್
ತೋಳಿನ ಪಟ್ಟಿ ಬಿಚ್ಚಿಕೋತ ಮರಾಠಿಯೊಳಗ ಹೇಳಿದಳು:
ಗುಳಿಗಿ ಬರೀ ಅರ್ಧ ಕೆಲಸ ಮಾಡತದ ಕಾಕಾ,
ಮಲಗೋ ಮುಂದ, ಆ ದಿನ ಯಾರಿಂದ ಏನು ಸಿಕ್ಕಿತೋ ಬರೀರಿ.
ನಗು ಬಂತು. ನಲವತ್ತು ವರ್ಷ
ಮಂದಿ ನನಗ ಕೊಡೋದನ್ನ ಬರದ ಕೈಗೆ
ನಾ ಕೊಡೋದು ಬರಿ ಅಂದರ?

ಮೊದಲ ರಾತ್ರಿ ಪೆನ್ನು ಹಿಡದು ಕೂತೆ. ಏನೂ ಹೊಳೀಲಿಲ್ಲ.
ಕಡೀಕ ಬರದೆ: 'ಫ್ಯಾನ್ ತಿರಗತು.'
ಎರಡನೇ ದಿನ: 'ನಳಕ್ಕ ನೀರು ಬಂತು, ನಾಕು ದಿನದ ಮ್ಯಾಲೆ.
ತಳಗಿನ ಮನಿ ಶಕೀಲಾಬಿ ಬಾಗಿಲಾ ಬಡದು ಎಬ್ಬಿಸಿದಳು.'
ಆ ಬಡಿಯೋ ಸಪ್ಪಳಕ್ಕ
ಹದಿನೆಂಟು ವರ್ಷ ಬೈದಿದ್ದೆ. ಅದನ್ನೂ ಬರದೆ.

ಗುಳಿಗಿ ತರಾಕ ಹೋದಾಗ ಕಿಡಕಿ ಮುಂದ ಒಬ್ಬಾಕಿ,
ಅಕ್ಕಲಕೋಟಿ ಕಡಿ ಹಳ್ಳಿಯಾಕಿ,
ಮರಾಠಿ ಚೀಟಿ ತಲಿಕೆಳಗ ಹಿಡದು ನಿಂತಿದ್ದಳು,
ಎಕ್ಸ್-ರೇ ಲಕೋಟಿ ಬಗಲಾಗ.
ಓದಿ ಹೇಳಿದೆ: ಇಪ್ಪತ್ತೆರಡನೇ ಖೋಲಿ, ನಾಳಿ ಮುಂಜಾನೆ ಉಪವಾಸ ಬರಬೇಕು,
ಆಧಾರ್ ಝೆರಾಕ್ಸ್ ಎರಡು.
ಆಕಿ ಧನ್ಯವಾದ ಅನ್ನಲಿಲ್ಲ; ನಮ್ಮ ಬಾಯಾಗ ಆ ಮಾತು
ಸಭಾದಾಗ ಹಾರ ಹಾಕೋ ಮುಂದಷ್ಟ ಬರೂದು.
'ನಿನ್ನ ಹೊಟ್ಟಿ ತಣ್ಣಗಿರ್ಲಿ ಯಪ್ಪಾ' ಅಂದು
ಬುತ್ತಿ ಬಿಚ್ಚಿ ಒಂದು ಸಜ್ಜಿ ರೊಟ್ಟಿ, ಮ್ಯಾಲೆ ಶೇಂಗಾ ಹಿಂಡಿ ಕೊಟ್ಟಳು.

ಆ ರಾತ್ರಿ ವಹಿ ಮುಂದ ಭಾಳೊತ್ತು ಕೂತೆ.
ಓದಿ ಹೇಳಿದ್ದು ಖರ್ಚೋ, ಜಮಾನೋ?
ಯಾವ ಕಡಿ ಬರದರೂ ತಾಳಿ ಆಗಲಿಲ್ಲ.
ಹಂಗ ಬಿಟ್ಟು ಮಲಗಿದೆ. ನಿದ್ದಿ ಬಂದದ್ದು ಗೊತ್ತಾಗಲಿಲ್ಲ.

ಈಗ ಮಂಗಳವಾರ, ಶುಕ್ರವಾರ ಆ ಕಿಡಕಿ ಹಂತೇಕ ನಿಲ್ಲತೀನಿ.
ಕನ್ನಡದಾಗ ಕೇಳಿ ಮರಾಠಿಯೊಳಗ ತುಂಬತೀನಿ, ತೆಲುಗಿನವರಿಗೆ ಕೈಸನ್ನಿ.
ಬಿಪಿ ಪೂರಾ ಇಳದಿಲ್ಲ, ಸುಳ್ಳ್ಯಾಕ ಹೇಳಲಿ.
ಕೆಲವೊಂದು ರಾತ್ರಿ ಹಳೇ ಬಾಕಿ ಈಗೂ ಬಂದು
ಎದಿ ಮ್ಯಾಲೆ ಕೂಡತಾವ.

ಅಂಥಾದೊಂದು ರಾತ್ರಿ ಹಿಂದಿನ ಹಾಳಿ ತಿರುವಿದೆ.
ಅಂಬಾದಾಸ ಯೆಮುಲ, ಚಾದರ ಮಗ್ಗದಾಂವ:
ಸಾವಿರದ ಏಳನೂರಾ ನಾಲ್ವತ್ತು.
ನನ್ನ ಕಂಡರ ರಸ್ತಾ ದಾಟಿ ಆಚಿಕಡಿ ಹೋಗತಾನ.
ತಾರೀಖು ನೋಡಿದೆ. ದೀಪದ ಹತ್ತರ ಹಿಡದು ಮತ್ತ ನೋಡಿದೆ.
ಅದೇ ವಾರ ಊರಾಗ ಬಂದ್, ರಿಕ್ಷಾ ಇಲ್ಲ,
ಮಹಾನಂದಾಳ ಅಪೆಂಡಿಕ್ಸ್ ಒಡದ ರಾತ್ರಿ
ಚಾದರ ಹೇರೋ ಕೈಗಾಡಿ ಮ್ಯಾಲೆ ಆಕಿನ್ನ ಮಲಗಿಸಿ
ಇವನ ದವಾಖಾನಿತನಕ ನೂಕಿದ್ದ, ಬರಿಗಾಲಿಲೆ.
ವಹಿ ತುಂಬ ಹುಡುಕಿದೆ. ಅದು ಎಲ್ಲೂ ಬರದಿರಲಿಲ್ಲ.
ಎರಡು ಕಿಲೋ ಸಕ್ಕರಿ, ಪಾವು ಕಿಲೋ ಚಹಾಪುಡಿ,
ಅದಷ್ಟು ನನ್ನ ಅಕ್ಷರದಾಗ, ದುಂಡಗ.

ಮರುದಿನ ಆಂವ ಆಚಿಕಡಿ ದಾಟಿದ. ನಾನೂ ದಾಟಿದೆ.
'ಇಸ್ತಾ ಅಣ್ಣಾ, ಬರೋ ತಿಂಗಳ...' ಅಂತ ಕಿಸೆ ತಡವರಿಸಿದ.
ನನಗ ಮಾತು ಹೊರಡಲಿಲ್ಲ. ಭುಜ ಹಿಡದು
ಚಹಾದ ಗಾಡಿಗೆ ಕರಕೊಂಡು ಹೋದೆ.
ಕೈಗಾಡಿ ಸುದ್ದಿ ತೆಗದರ ಆಂವಗ ನೆನಪೇ ಇಲ್ಲ.
'ನಾನಾ? ಯಾವಾಗ?'
ನಾ ಕಪ್ಪು ಇಡೂದರಾಗ ರೊಕ್ಕ ಆಂವನೇ ಕೊಟ್ಟುಬಿಟ್ಟ.

ರಾತ್ರಿ ಬರಕೊಂಡೆ:
ಅಂಬಾದಾಸ ಯೆಮುಲ. ಚಹಾ, ಹತ್ತು ರೂಪಾಯಿ.
ನಾ ಕೊಡಬೇಕಾದದ್ದು.